ಕಿರೀಟದ ಕ್ರೋಟನ್, ಮೀಸೆಯ ಬೂದುಗುಂಬಳ

ಗಿಡಬಳ್ಳಿ ಬರೆದರೆ ಯಾರ ತಂಟೆಯೂ ಇರುವುದಿಲ್ಲ ಎಂದುಕೊಂಡೇ ಪ್ರತಿ ಸಲ ಪೆನ್ಸಿಲ್ ಹಿಡಿಯುತ್ತೇನೆ. ಪ್ರತಿ ಸಲ ಯಾರೋ ಒಬ್ಬರು ಗಿಡದಿಂದಿಳಿದು ಅಂಗಡಿಗೇ ಬರುತ್ತಾರೆ. ರಾಯದುರ್ಗದಲ್ಲಿ ನನ್ನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಜೀನ್ಸ್ ಲೇಬಲ್ ಕೆಲಸ ಮುಗಿದ ಮೇಲೆ ದೊಡ್ಡವರನ್ನು ಗಿಡ, ಕಾಯಿ ಮಾಡಿ ತೋಟಕ್ಕಿಳಿಸಿ ಚಿತ್ರ ಅಚ್ಚು ಹಾಕಿ ಹಂಚುವುದು ನನ್ನ ಚಟ.

೧. ಕುಂಡದ ಅರಸರು

ಮಡಕಶಿರಾ ಕಡೆ, ಪಾಳೇಗಾರರ ವಂಶವೆಂದು ಇಂದಿಗೂ ಹಾರ ಹಾಕಿಸಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕ್ರೋಟನ್ ಗಿಡ ಮಾಡಿದ್ದೆ: ಹೂವಿಲ್ಲ, ಕಾಯಿಲ್ಲ, ತಲೆ ಮೇಲೆ ಕಿರೀಟ, ನೀರು ಹಾಕಲು ನಾಲ್ಕು ಜನ. ಚಿತ್ರ ಹಿಡಿದುಕೊಂಡೇ ಬಸ್ಸಿಳಿದು ಬಂದರು.

“ಇದು ನಾನೇ ಏನಮ್ಮಾ?”

“ಬರೀ ಗಿಡ, ಸ್ವಾಮಿ.”

“ಸುಳ್ಳು ಯಾಕೆ ಹೇಳ್ತೀಯ, ಮೂಗು ನಂದೇ ಐತೆ. ಕಿರೀಟ ಸಣ್ದಾಯ್ತು. ನಮ್ ತಾತಂದು ಇದರ ಎರಡರಷ್ಟಿತ್ತು, ತಿದ್ದು.”

೨. ಕೊಳೆಯದ ಕಾಯಿ

ಆಮೇಲೆ ನಮ್ಮೂರ ಮುಖಂಡರು. ಸಿಂಹಾಸನದ ಮೇಲೆ ಮೀಸೆ ಬಿಟ್ಟ ಬೂದುಗುಂಬಳ, ಸುತ್ತ ನೀರಿಲ್ಲದೆ ಒಣಗಿದ ಮೆಣಸಿನ ಗಿಡಗಳು. ಹಂಚಿದ ಮರುದಿನವೇ ಅವರ ಬಂಟ ಬಂದ.

“ಸಂಜಿಯೊಳಗ ಊರಾಗಿನ ಹಾಳಿ ಎಲ್ಲಾ ವಾಪಸ್ ತರ್ರಿ ಅಕ್ಕಾರ. ಇಲ್ಲಾಂದ್ರ ಅಂಗಡಿಗೆ ಬೀಗ.”

ಮಕ್ಕಳ ಫೀಸು, ಮನೆಯ ಅಕ್ಕಿ ಎಲ್ಲಾ ಈ ಅಂಗಡಿಯಿಂದಲೇ. ತೆಪ್ಪಗೆ ಹೊರಟೆ. ಎದುರಿನ ಟೈಲರಮ್ಮ ಚಿತ್ರವನ್ನು ಬಾಗಿಲ ಮೇಲೆ ತೂಗು ಹಾಕಿದ್ದಳು.

“ದಿಷ್ಟಿಗೆ ಕಟ್ಟೀನ್ರಿ. ಖರೇ ಕಾಯಿ ಕೊಳೀತದ, ಇದು ಕೊಳೆಯಂಗಿಲ್ಲ. ಮ್ಯಾಲೆ ಆ ಮೀಸಿ ನೋಡಿದ್ರ ಎಂಥಾ ಕೆಟ್ಟ ಕಣ್ಣೂ ಓಡ್ತದ.”

“ಬಿಚ್ಚಿ ಕೊಡವ್ವಾ.”

“ಅಮಾಸಿ ಬರೋತನಕ ಬಿಚ್ಚಂಗಿಲ್ರಿ. ನಡುವ ಬಿಚ್ಚಿದ್ರ, ಬಿಚ್ಚಿದವ್ರಿಗೇ ದಿಷ್ಟಿ. ನೀವು ಬಿಚ್ತೀರೇನು?”

ಕಾಲೇಜು ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಕೈ ಹಾಕಲಿಲ್ಲ. ಬಜಾರಿನ ತುಂಬ ಅದೇ ಮೀಸೆ, ಅದೇ ಉತ್ತರ.

೩. ಮುಖಾಮುಖಿ

ಸಂಜೆ ಮುಖಂಡರೇ ಕಾರಿನಲ್ಲಿ ಬಂದರು. ಟೈಲರಮ್ಮನ ಬಾಗಿಲಲ್ಲಿ ನಿಂತು, “ಕೀಳೋ ಅದನ್ನ” ಎಂದರು ಬಂಟನಿಗೆ. ಟೈಲರಮ್ಮ ಅಮಾವಾಸ್ಯೆಯ ಮಾತನ್ನು ಅವರಿಗೂ ಹೇಳಿದಳು.

“ಅಣ್ಣಾ, ನಾಳೆ ನನ್ನ ಮಗಳ ನಿಶ್ಚಿತಾರ್ಥ,” ಎಂದು ಬಂಟ ಹಿಂದೆ ಸರಿದ.

ಡ್ರೈವರ್ ಕಡೆ ತಿರುಗಿದರು. ಅವನು ಆಗಲೇ ಕಾರೊಳಗೆ ಕೂತು ಗಾಜು ಏರಿಸಿದ್ದ.

ಬಜಾರೆಲ್ಲ ನೋಡುತ್ತಿತ್ತು. ಮುಖಂಡರು ತಾವೇ ಕೈ ಎತ್ತಿದರು. ಆ ಕೈ ಕುಂಬಳದ ಮೀಸೆಯವರೆಗೆ ಹೋಗಿ ನಿಂತಿತು. ಕೀಳಲು ಧೈರ್ಯವಿಲ್ಲ, ಸುಮ್ಮನೆ ಇಳಿಸಿದರೆ ಮಾನ ಹೋಗುತ್ತದೆ. ಇನ್ನೊಂದು ಕೈಯನ್ನೂ ಎತ್ತಿ ಜೋಡಿಸಿ, ಕಣ್ಣು ಮುಚ್ಚಿ ಭಕ್ತಿಯಿಂದ ಕೈ ಮುಗಿದು ಕಾರು ಹತ್ತಿದರು.

ನನ್ನ ಅಂಗಡಿಯ ಬೀಗದ ಮಾತು ಅಲ್ಲಿಗೇ ಮುಗಿಯಿತು. ಟೈಲರಮ್ಮ ಹೊಲಿಗೆ ನಿಲ್ಲಿಸದೆಯೇ ಅಂದಳು:

“ಎಲೆಕ್ಷನ್ ಇಲ್ದಾಗ ಅಣ್ಣಾರು ಕೈ ಮುಗಿದಿದ್ದು ಇದೇ ಮೊದ್ಲು ನೋಡ್ರಿ.”