ಲಕ್ಷದ ಮೇಲೊಂದು ಬತ್ತಿ

ಆಗ ನನಗೆ ಹದಿನಾರು. ಅದಾಗಿ ಐವತ್ತು ವರ್ಷ ದಾಟಿತು. ಲೆಕ್ಕ ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗುವುದಿಲ್ಲ. ಸಣ್ಣ ಅಂಕಿಗಳು ಪರವಾಗಿಲ್ಲ, ಕೋಳಿಮರಿಗಳ ಹಾಗೆ ಕಣ್ಣಿಗೆ ಕಾಣುತ್ತವೆ. ದೊಡ್ಡವಕ್ಕೆ ಗುಣವುಂಟಂತೆ, ಜಾತಿಯುಂಟಂತೆ. ನಮ್ಮ ಜಾತಿಗಳೇ ಸಾಲದೇ?

ಅತ್ತೆಯ ಮನೆ ಕಲ್ಯದಲ್ಲಿ. ಮಾವನ ಜ್ವರ ಬಿಟ್ಟರೆ ಕಾರ್ತಿಕದಲ್ಲಿ ಶಿವನ ಗುಡಿಯಲ್ಲಿ ಲಕ್ಷ ಬತ್ತಿ ಹಚ್ಚುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಜ್ವರ ಬಿಟ್ಟಿತು. ಏನು ಕೊಟ್ಟರೂ ಮೇಲೊಂದು ಸೇರಿಸಿ ಕೊಡುವ ಮನೆ ಅದು. ದೇವರಿಗೆ ಬೋಳು ಲಕ್ಷ ಕೊಡುವುದುಂಟೇ? ಲಕ್ಷದ ಮೇಲೊಂದು ಎಂದಾಯಿತು. ಹೊಸೆಯುವ ಕೆಲಸ ಹೆಂಗಸರಿಗೆಲ್ಲ ಸಮಪಾಲಾಗಬೇಕು, ಒಂದು ಬತ್ತಿಯೂ ಹೆಚ್ಚುಕಡಿಮೆ ಆಗಬಾರದು ಎಂಬುದು ಅತ್ತೆಯ ಕಟ್ಟಳೆ.

ನನಗೋ ಮದುವೆಯಾದ ಮೊದಲ ದೀಪಾವಳಿ. ಕರೆದೊಯ್ಯಲು ಬೈರಮಂಗಲದಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದ. ಅವ್ವನ ಕೈಯಡುಗೆ ಉಂಡು, ಹೊತ್ತೇರುವ ತನಕ ಮಲಗಬೇಕು. ಇಷ್ಟೇ ನನ್ನ ಆಸೆ. ಹೊರಟು ನಿಂತ ನನ್ನನ್ನು ಬಿಟ್ಟು ಅತ್ತೆಯ ಮನೆಯಲ್ಲಿ ಹತ್ತು ಹೆಂಗಸರು. ತಲೆಗೆ ಹತ್ತು ಸಾವಿರವಾಗಿ ಒಂದು ಬತ್ತಿ ಉಳಿಯಿತು. ಪುಣ್ಯವೆಲ್ಲ ಅದರಲ್ಲೇ ಇದೆಯೆಂದು ಓರಗಿತ್ತಿಯರು ಅದಕ್ಕಾಗಿ ಜಗಳಕ್ಕೆ ನಿಂತರು.

ಬೆಂಗಳೂರಿನಲ್ಲಿ ಓದಿ ಬಂದಿದ್ದ ಮೈದುನ ಪುಟ್ಟಸ್ವಾಮಿ ಸ್ಲೇಟು ಹಿಡಿದು ಕೂತ. ಪಾಲು ಮಾಡಲು ಈ ಅಂಕಿ ಎರಡಕ್ಕೆ ಬಗ್ಗದು, ಮೂರಕ್ಕೆ ಬಗ್ಗದು, ಏಳಕ್ಕೂ ಬಗ್ಗದು ಎಂದ. ಬರೀ ಲಕ್ಷ ಸಾಧು ಹಸು. ಅರ್ಧ ಮಾಡಿ, ಕಾಲು ಮಾಡಿ, ನಿಂತುಕೊಳ್ಳುತ್ತದೆ. ಒಂದೇ ಒಂದು ಸೇರಿದ್ದಕ್ಕೆ ಇಷ್ಟು ಮೊಂಡು ಬಿದ್ದದ್ದು ಹೇಗೋ ನನಗೆ ತಿಳಿಯಲಿಲ್ಲ. ಕೊನೆಗೆ ಹನ್ನೊಂದಕ್ಕೆ ಬಗ್ಗಿತು. ತಲೆಗೆ ಒಂಬತ್ತು ಸಾವಿರದ ತೊಂಬತ್ತೊಂದು. ಅದನ್ನು ಮತ್ತೆ ಯಾವ ಅಂಕಿಯೂ ಒಡೆಯಲಾರದಂತೆ, ಅದು ಅವಿಭಾಜ್ಯವಂತೆ. ಹಾಗಾದರೆ ಅದು ಮಡಿಯದೋ ಮೈಲಿಗೆಯದೋ ಎಂದು ಅತ್ತೆ ಕೇಳಿದರು. ಅದು ಪುಸ್ತಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ, ಅವನು ತಲೆ ಕೆರೆದುಕೊಂಡ.

“ಹನ್ನೊಂದ್ನೆಯೋಳು ನೀನೇ ಕಣಮ್ಮಿ. ಬತ್ತಿ ಮುಗಿಸ್ಬುಟ್ಟು ಹೋಗು,” ಎಂದರು ಅತ್ತೆ.

ನಾನು ಮೈದುನನ ಕಡೆ ತಿರುಗಿದೆ. “ಹನ್ನೊಂದ್ನೆಯೋಳು ನಾನೇ ಆಗ್ಬೇಕು ಅಂತ ನಿನ್ ಲೆಕ್ಕದಲ್ಲಿ ಐತಾ?”

“ಇಲ್ಲ ಕಣತ್ಗೆ. ಯಾರಾದ್ರೂ ಆಯ್ತದೆ. ಲೆಕ್ಕ ಮಕ ನೋಡಾಕಿಲ್ಲ.”

ಅತ್ತೆ ಯೋಚಿಸಿದರು. ಬೀಗಿತ್ತಿಯೂ ಮನೆಯವಳೇ ಎಂದು ತಮಗೆ ತಾವೇ ಹೇಳಿಕೊಂಡು, “ಹಂಗಾರೆ ನಿಮ್ಮವ್ವನ್ನ ಕರೆಸು. ಅವ್ರು ಬಂದ್ಮೇಲೆ ನೀನು ಹೋಗೀವಂತೆ,” ಎಂದರು. ಗೆದ್ದೆನೆಂದು ನಾನು ಹಿಗ್ಗಿದೆ. ಅಣ್ಣ ಏನೋ ಗೊಣಗಿಕೊಂಡು, ಅವ್ವನನ್ನು ಕರೆತರಲು ಗಾಡಿ ಹತ್ತಿದ.

ಅವ್ವ ಬಂದಳು. ಗಾಡಿಯಿಂದ ಇಳಿಯುತ್ತಲೇ, ಎಮ್ಮೆ ಕರು ಹಾಕಿದೆ, ಮೊದಲು ಅದನ್ನು ನೋಡು ಎಂದಳು. ನಾನು ಅದೇ ಗಾಡಿ ಹತ್ತಿದೆ. ಅರ್ಧ ದಾರಿ ಕಳೆದ ಮೇಲೆ ತಲೆಗೆ ಹೊಳೆಯಿತು: ಅವ್ವನ ಹೊರತು ತವರಿನಲ್ಲಿ ಬೇರೆ ಹೆಂಗಸಿಲ್ಲ. ತಪ್ಪು ಲಕ್ಷದ್ದೋ, ಮೇಲಿನ ಒಂದರದ್ದೋ, ನನ್ನದೋ, ಇನ್ನೂ ಬಗೆಹರಿದಿಲ್ಲ. ಮಾರನೆಯ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು, ಸೆಗಣಿ ಬಾಚಿ, ಎಮ್ಮೆಯ ಹಾಲು ಕರೆದು, ಅಪ್ಪನಿಗೂ ಮೂವರು ಅಣ್ಣಂದಿರಿಗೂ ಮುದ್ದೆ ತಿರುವಿದೆ.