ನೂರೈವತ್ತಕ್ಕೆ ಏರಿ ಕೂತ ರಕ್ತ

ಒಂದು ವಿಷಯವನ್ನು ನಾಲ್ಕು ವರ್ಷ ಪಾಠ ಮಾಡಿದವರಿಗೆ ಅದು ತಮ್ಮ ಮಾತು ಕೇಳುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ನನಗೆ ರಕ್ತಪರಿಚಲನೆಯ ಮೇಲೆ ಅಂಥ ಭ್ರಮೆ ಇತ್ತು. ಸಿಂಧನೂರಿನ ಖಾಸಗಿ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಈ ಪಾಠಕ್ಕೆ ನನ್ನದೇ ಒಂದು ಹೋಲಿಕೆ: ದೇಹವೆಂದರೆ ಕಾಲುವೆಗಳ ಜಾಲ. ಕುತ್ತಿಗೆಯ ರಕ್ತನಾಳದ ಗೋಡೆಯಲ್ಲಿರುವ ನರತುದಿಗಳು ಗೇಟು ಕಾಯುವವರು. ರಭಸ ಹೆಚ್ಚಿದರೆ ಮೆದುಳಿಗೆ ಸುದ್ದಿ ಮುಟ್ಟಿಸುತ್ತಾರೆ. ಮೆದುಳು ಹೃದಯಕ್ಕೆ ನಿಧಾನಿಸು ಎನ್ನುತ್ತದೆ, ನಾಳಗಳಿಗೆ ಸಡಿಲಾಗು ಎನ್ನುತ್ತದೆ. ರಭಸ ತಗ್ಗಿದರೆ ಇದೆಲ್ಲ ತಿರುವುಮುರುವು. ಕಾಲುವೆ ನೀರಾವರಿಯ ತುರ್ವಿಹಾಳ, ಸಾಲಗುಂದದ ಕಡೆಯಿಂದ ಬರುವ ಮಕ್ಕಳು ಕಾಲುವೆ ಎಂದೊಡನೆ ತಲೆಯಾಡಿಸುತ್ತಿದ್ದರು. ನನಗೂ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

ಆಗ ಲಿಂಗಸುಗೂರಿನ ಸರಕಾರಿ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಸೇರುವಾಗ ಆರೋಗ್ಯದ ಸರ್ಟಿಫಿಕೇಟು ಕೊಡಬೇಕು. ಹತ್ತು ನಿಮಿಷದ ಕೆಲಸವೆಂದು ಅದನ್ನು ಸೇರಲು ಗಡುವಿದ್ದ ಕೊನೆಯ ದಿನಕ್ಕೇ ಇಟ್ಟುಕೊಂಡೆ. ನನ್ನ ವಯಸ್ಸು ಹೇಳುವುದಿಲ್ಲ, ಆದರೆ ಬೀಪಿ ಬರುವ ವಯಸ್ಸಲ್ಲ. ತಿಂಡಿ ಬಿಟ್ಟು ಲಿಂಗಸುಗೂರಿಗೆ ಮೊದಲ ಬಸ್ಸು ಹಿಡಿದೆ. ಅದು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಹತ್ತಿ, ಇಳಿದು, ಓಡಿ ಅಲ್ಲಿನ ಸರಕಾರಿ ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ.

ತೋಳಿಗೆ ಪಟ್ಟಿ ಸುತ್ತಿದ ಸಿಸ್ಟರು ಊರಿಗೆಲ್ಲ ಕೇಳುವಂತೆ ಓದಿದರು: "ನೂರೈವತ್ತು, ತೊಂಬತ್ತಾರು ಸರ್!" ಬಾಗಿಲಲ್ಲಿ ನಿಂತಿದ್ದ ಸರದಿ ಒಟ್ಟಿಗೆ "ಅಬಾಬಾ" ಎಂದಿತು. ತೂಕವಿರಲಿ, ಎತ್ತರವಿರಲಿ, ನನಗೆ ಸಂಬಂಧಿಸಿದ ಯಾವ ಅಂಕಿಯನ್ನೂ ಹತ್ತು ಜನರ ಮುಂದೆ ಹೇಳಿ ಅಭ್ಯಾಸವಿಲ್ಲದವಳು ನಾನು. ಆಗಲೇ ಇನ್ನೂ ಹತ್ತು ಏರಿರಬೇಕು.

"ಇದಕ್ಕ ಫಿಟ್ ಅಂತ ಹೆಂಗ ಬರೀಲ್ರಿ ಮೇಡಂ?" ಎಂದರು ಡಾಕ್ಟರು. ನಾನು ಓಡಿ ಬಂದದ್ದು, ಗಾಬರಿಗೆ ಹೃದಯ ಜೋರಾಗಿ ಬಡಿಯುವುದು, ನರತುದಿಗಳು, ಮೆದುಳು ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, "ಎಲ್ಲಾ ಗೊತ್ತೈತಲ್ರಿ ನಿಮಗ. ಹೊರಗ ಬೆಂಚಿನ ಮ್ಯಾಲ ಕುಂತು ಇಳಿಸಿಕೊಂಡು ಬರ್ರಿ. ಒಂದು ಗಂಟೆಕ್ಕ ನಾ ಮನಿಗೆ ಏಳ್ತೀನಿ" ಎಂದರು.

ಬೆಂಚಿನ ಮೇಲೆ ಸಂತೆಕಲ್ಲೂರಿನ ಅಜ್ಜಿಯೊಬ್ಬರು ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು, ಒಳಗೆ ಹೋದ ಸೊಸೆಗಾಗಿ ಕಾಯುತ್ತಿದ್ದರು.

"ನೂರೈವತ್ತು ನಿನಗೇನಬೇ? ಮದುವಿ ಆಗೇತೇನು?"

"ಇಲ್ಲ ಅಜ್ಜಿ."

"ಗಂಡಿಲ್ಲ, ಅತ್ತಿಯಿಲ್ಲ. ಮತ್ತ ಬೀಪಿ ಯಾರು ಕೊಟ್ರು ನಿನಗ?"

ಮನಸ್ಸು ತಣ್ಣಗಾಗಲೆಂದು ಅವರಿಗೂ ಕಾಲುವೆಯ ಪಾಠ ಹೇಳಿದೆ. ಅಜ್ಜಿ ಗೇಟು ಕಾಯುವವರ ತನಕ ಶ್ರದ್ಧೆಯಿಂದ ಕೇಳಿದರು. "ನಮ್ಮೂರಾಗ ಕಾಲುವಿ ಎಲ್ಲೈತಿ ತಂಗಿ? ಮಳಿ ಬಂದ್ರ ಜ್ವಾಳ, ಇಲ್ಲಾಂದ್ರ ಇಲ್ಲ. ಅದಕ ನೋಡು, ನಮಗ್ಯಾರಿಗೂ ಬೀಪಿನೂ ಇಲ್ಲ."

ನಾಲ್ಕು ವರ್ಷದ ಹೋಲಿಕೆ ಅಲ್ಲೇ ಒಣಗಿತು. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದು ಬಿಡತೊಡಗಿದೆ. ಅದರಿಂದ ಒತ್ತಡ ಇಳಿಯುತ್ತದೆ. "ಯಾಕಬೇ, ಬುಸ್ ಬುಸ್ ಅನ್ನಾಕತ್ತಿ? ದಮ್ಮೂ ಐತೇನು?" ಎಂದರು ಅಜ್ಜಿ. ಸರದಿಯ ಜನ ಮತ್ತೆ ತಿರುಗಿ ನೋಡಿದರು. ಸರ್ಟಿಫಿಕೇಟಿನ ಜೊತೆಗೆ ಕೆಲಸವೂ ಹೋಯಿತೆಂದುಕೊಂಡೆ.

ಅಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿತು. ತಲೆ ಮೆಲ್ಲಗೆ ವಾಲಿ ನನ್ನ ಹೆಗಲ ಮೇಲೆ ಬಂದು ನಿಂತಿತು. ಅಪರಿಚಿತರು ಮುಟ್ಟಿದರೆ ಸರಿದು ಕೂರುವವಳು ನಾನು. ಆದರೆ ಸರಿದರೆ ಅಜ್ಜಿ ಬೀಳುತ್ತಾರೆ. ಅಲುಗಾಡದೆ ಕೂತೆ. ಅವರ ಉಸಿರಿನ ಲಯಕ್ಕೆ ನನ್ನದೂ ಯಾವಾಗ ಕೂಡಿತೋ ತಿಳಿಯದು. ಆ ತಲೆ ಜಾರದಂತೆ ನೋಡಿಕೊಳ್ಳುವುದರಲ್ಲಿ ನೂರೈವತ್ತೂ ಮರೆತುಹೋಯಿತು, ಒಂದು ಗಂಟೆಯ ಗಡುವೂ ಮರೆತುಹೋಯಿತು.

ಸಿಸ್ಟರು ಬಂದು ಬೆಂಚಿನಲ್ಲೇ ನನ್ನ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದರು. ಮಲಗಿದವರು ಏಳಬಾರದೆಂದು ಈ ಸಲ ಪಿಸುಗುಟ್ಟಿದರು: "ನೂರ ಹದಿನೆಂಟು, ಎಪ್ಪತ್ತಾರು." ಮನೆಗೆ ಹೊರಟಿದ್ದ ಡಾಕ್ಟರು ನಿಂತಲ್ಲೇ ಸಹಿ ಹಾಕಿ ಕಾಗದ ಚಾಚಿದರು.

ನಾನು ಅಜ್ಜಿಯ ತಲೆಯನ್ನು ಗೋಡೆಗೆ ಆನಿಸಿ, ಚಂಗನೆ ಎದ್ದು ಕಾಗದ ಹಿಡಿದೆ. ಬೆಳಗಿನಿಂದ ಹೊಟ್ಟೆ ಖಾಲಿ, ಒಂದು ತಾಸಿನಿಂದ ಕಾಲು ಅಲುಗಿಲ್ಲ. ರಕ್ತವೆಲ್ಲ ಕಾಲಿಗಿಳಿದಿರಬೇಕು, ಲೋಕ ಕಪ್ಪಾಯಿತು. ಕಣ್ಣು ಬಿಟ್ಟಾಗ 'ದೈಹಿಕವಾಗಿ ಸದೃಢರಾಗಿದ್ದಾರೆ' ಎಂಬ ಕಾಗದ ನನ್ನ ಕೈಯಲ್ಲಿತ್ತು, ನನ್ನ ತಲೆ ಎಚ್ಚೆತ್ತ ಅಜ್ಜಿಯ ತೊಡೆಯ ಮೇಲಿತ್ತು.

"ಸರಕಾರ ಏನರ ಬರೀಲಿ, ಈ ಹುಡುಗಿ ಹಸದೈತಿ" ಎಂದು ಘೋಷಿಸಿ, ಅಜ್ಜಿ ಗಂಟು ಬಿಚ್ಚಿ ರೊಟ್ಟಿ ಮುರಿದು ನನ್ನ ಬಾಯಿಗೇ ಇಟ್ಟರು. ಡಾಕ್ಟರು ಕಾಗದದತ್ತ ನೋಡಿದರು. ನಾನು ಅದನ್ನು ಮೆಲ್ಲಗೆ ಫೈಲಿನೊಳಗೆ ಸೇರಿಸಿದೆ.

"ಮೇಡಂ, ಒಮ್ಮೆಲೆ ಎದ್ರ ಹಿಂಗ್ಯಾಕ ಆಗ್ತೈತಿ, ಹೇಳ್ರಿ ನೋಡೂಣು?" ಎಂದರು ಡಾಕ್ಟರು.

ಅದಕ್ಕೆ ನನ್ನ ಬಳಿ ಐದು ಅಂಕದ ಉತ್ತರವಿತ್ತು, ಚಿತ್ರಸಮೇತ. ಫೈಲನ್ನು ಎದೆಗವಚಿಕೊಂಡು, ರೊಟ್ಟಿ ನುಂಗಿ, ಉಪನ್ಯಾಸಕಿಯಾದ ಮೇಲೆ ಮೊದಲ ಸಲ, "ಗೊತ್ತಿಲ್ರಿ ಸರ್" ಎಂದೆ.