ಗುಲಾಬಿ ಲೇಟ್ ಅಲ್ಲ

‘ಲೇಟಾಂಡ್, ಪೋಲೆ.’

ತುಳುವಿನಲ್ಲಿ, ಲೇಟಾಯಿತು, ಹೊರಡಿ ಅಂತ. ನನ್ನ ಹೆಂಡತಿ ಗುಲಾಬಿ ನನಗೆ ಹೇಳಿದ ಕೊನೆಯ ಮಾತು. ಎರಡೇ ಶಬ್ದ. ಅದರಲ್ಲಿ ಒಂದು ಇಂಗ್ಲಿಷಿನದ್ದು. ನಾನು ಚಾ ಅರ್ಧ ಬಿಟ್ಟು ಹೊರಟೆ. ಬಸ್ಸು ಬೆಳ್ತಂಗಡಿ ಮುಟ್ಟುವಾಗ ಪಕ್ಕದ ಮನೆಯಿಂದ ಫೋನು. ಬೀಡಿ ಕಟ್ಟುತ್ತಾ ಕೂತವಳು ಮಡಿಲಿನ ಗೆರಸೆಯ ಮೇಲೆಯೇ ಬಾಗಿದಳಂತೆ. ಮತ್ತೆ ಏಳಲಿಲ್ಲ.

ನಾನು ಬಸ್ ಡ್ರೈವರ್. ಮನೆ ಮೂಡುಬಿದಿರೆ ಹತ್ತಿರ. ಓದಿದ್ದು ಐದನೇ ಕ್ಲಾಸು. ನಮ್ಮ ಲೈನಿನಲ್ಲಿ ಲೇಟ್ ಅಂದರೆ ಬೈಗುಳ. ಎರಡು ನಿಮಿಷ ಲೇಟಾದರೆ ಹಿಂದಿನ ಬಸ್ಸಿನವ ಇಳಿದು ಬಂದು ಕುತ್ತಿಗೆ ಪಟ್ಟಿ ಹಿಡಿಯುತ್ತಾನೆ. ಅದೇ ಶಬ್ದ ಅವಳು ಹೋದ ಮೇಲೆ ಅವಳ ಹೆಸರಿನ ಮುಂದೆ ಬಂದು ಕೂತಿತು. ನಾನು ಎಬ್ಬಿಸಿದರೆ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಒಂದು ಸಲದ ಕತೆ ಅಲ್ಲ, ಆಗುತ್ತಲೇ ಉಂಟು. ಜನ ನಗುತ್ತಾರೆ. ನಗಲಿ. ನನಗೆ ಸಿಟ್ಟು ಬರುತ್ತದೆ.

೧. ಕಾರ್ಡು

ಉತ್ತರಕ್ರಿಯೆಗೆ ಕಾರ್ಡು ಮಾಡಿಸಬೇಕಿತ್ತು. ಮೂಡುಬಿದಿರೆಯ ಒಂದು ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ಹೆಸರು ಕೇಳಿದ. ಹೇಳಿದೆ. ‘ಲೇಟ್ ಶ್ರೀಮತಿ ಗುಲಾಬಿ’ ಅಂತ ಹೊಡೆದ.

‘ಲೇಟ್ ಯಾಕೆ?’ ಅಂದೆ.

‘ಎಲ್ಲರಿಗೂ ಹಾಕ್ತೇವೆ ಅಣ್ಣ. ಅದು ಒಂದು ಮರ್ಯಾದೆ.’

‘ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದವಳು ಅವಳು. ಒಂದು ದಿನ ಲೇಟ್ ಆದವಳಲ್ಲ.’

‘ಅದು ಆ ಲೇಟ್ ಅಲ್ಲ ಅಣ್ಣ. ಮರ್ಯಾದೆಯ ಲೇಟ್.’

‘ಅಷ್ಟು ಮರ್ಯಾದೆಯದ್ದಾದರೆ ನಿನ್ನ ಅಂಗಡಿಯ ಬೋರ್ಡಿನಲ್ಲಿ ನಿನ್ನ ಹೆಸರಿಗೂ ಒಂದು ಹಾಕು.’

ಅವನ ಮುಖ ಸಣ್ಣದಾಯಿತು. ‘ಬಿಡ್ತು ಅನ್ನಿ ಅಣ್ಣ,’ ಅಂದ. ‘ತೆಗೀತೇನೆ, ತೆಗೀತೇನೆ.’

ತೆಗೆದ. ಅವಳ ಹೆಸರಿನ ಮುಂದಿನಿಂದ ತೆಗೆದ. ತೆಗೆದದ್ದನ್ನು ಎಲ್ಲಿ ಇಟ್ಟ ಅಂತ ನಾನು ನೋಡಲಿಲ್ಲ. ನೂರೈವತ್ತು ಕಾರ್ಡು ಹಂಚಿದ ಮೇಲೆ ಗೊತ್ತಾಯಿತು. ಕೆಳಗೆ, ಕರೆಯುವವನ ಜಾಗದಲ್ಲಿ, ನನ್ನ ಹೆಸರಿನ ಮುಂದೆ ಇಟ್ಟಿದ್ದ.

ಉತ್ತರಕ್ರಿಯೆಯ ದಿನ ಬೆಳುವಾಯಿಯಿಂದ ದೊಡ್ಡಮ್ಮ ರಿಕ್ಷಾದಲ್ಲಿ ಬಂದರು. ಗೇಟಿನಿಂದಲೇ ಅಳು. ‘ಇಬ್ಬರೂ ಒಟ್ಟಿಗೆ ಹೋದಿರಾ ಮಕ್ಕಳೇ!’ ಬಾಗಿಲಲ್ಲಿ ಕೈ ಮುಗಿದು ನಿಂತವನು ನಾನು. ನನ್ನನ್ನು ನೋಡಿ ಅವರ ಅಳು ನಿಂತಿತು.

‘ನೀನು ಇದ್ದೀಯಲ್ಲ ಮಾರಾಯ!’

‘ಊಟ ಮುಗಿಯುವ ತನಕ ಇರ್ತೇನೆ ದೊಡ್ಡಮ್ಮ,’ ಅಂದೆ. ‘ಒಳಗೆ ಬನ್ನಿ.’

೨. ಕಂಪ್ಯೂಟರಿನ ಕನ್ನಡ

ಮತ್ತೆ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಬೇಕಂತೆ. ಕಚೇರಿಗೆ ಹೋದೆ. ಮೇಡಂ ನನ್ನ ಫಾರ್ಮ್ ನೋಡಿ ಕೇಳಿದರು, ‘ಲೇಟಾ?’

‘ಇಲ್ಲ ಮೇಡಂ. ನೀವು ಬರುವ ಮೊದಲೇ ಬಂದಿದ್ದೇನೆ.’

‘ನೀವಲ್ಲ. ಹೆಂಡತಿ.’

ಅವರು ಇಂಗ್ಲಿಷಿನಲ್ಲಿ ಏನೋ ಕುಟ್ಟಿದರು. ಕಾಗದ ಹೊರಗೆ ಬಂತು. ಅದು ಕನ್ನಡದಲ್ಲಿತ್ತು. ಅಕ್ಷರ ಕೂಡಿಸಿ ಓದಿದೆ. ‘ತಡವಾದ ಶ್ರೀಮತಿ ಗುಲಾಬಿ.’

‘ಇದೇನು ಮೇಡಂ?’

‘ಕಂಪ್ಯೂಟರ್ ತಾನೇ ಕನ್ನಡ ಮಾಡ್ತದೆ. ನಾವು ಮಾಡಿದ್ದಲ್ಲ.’

‘ಹಾಗಾದರೆ ಅದಕ್ಕೆ ಹೇಳಿ. ಐವತ್ತೆರಡಕ್ಕೆ ಹೋದವಳು. ತಡ ಅಲ್ಲ, ಬೇಗ. ಬೇಗ ಅಂತ ಹಾಕಲಿ.’

‘ಬೇಗ ಅಂತ ಕಾಲಂ ಇಲ್ಲ.’

ನನ್ನ ಸ್ವರ ಏರಿತು. ಏನೆಲ್ಲ ಹೇಳಿದೆ ಅಂತ ಇಲ್ಲಿ ಬರೆಯುವುದಿಲ್ಲ. ಸಾಲಿನಲ್ಲಿ ನನ್ನ ಹಿಂದೆ ಮೀನು ವ್ಯಾಪಾರದ ಬ್ಯಾರಿ ಒಬ್ಬರು ನಿಂತಿದ್ದರು. ನನ್ನ ಬಸ್ಸಿನ ಖಾಯಂ ಗಿರಾಕಿ. ಹೆಗಲಿಗೆ ಕೈ ಹಾಕಿದರು.

‘ಜೋರು ಮಾಡಬೇಡಿ ಡ್ರೈವರೇ. ನಮ್ಮ ಬಾಪ ಹೋಗಿ ಎಂಟು ವರ್ಷ ಆಯ್ತು. ಕಾರ್ಡಿನಲ್ಲಿ ಈಗಲೂ ಯಜಮಾನ ಅವರೇ. ಅಕ್ಕಿಗೆ ಹೋದರೆ ಅವರದ್ದೇ ಹೆಬ್ಬೆಟ್ಟು ಕೇಳ್ತಾರೆ. ನಿಮ್ಮವರು ಬರೀ ತಡ. ನಮ್ಮವರು ಇನ್ನೂ ಹೊರಡಲೇ ಇಲ್ಲ.’

೩. ಮಾಷ್ಟ್ರು ಹೇಳಿದ ಅರ್ಥ

ಬೆಳ್ತಂಗಡಿ ಬಸ್‌ಸ್ಟ್ಯಾಂಡ್ ನನಗೆ ಮತ್ತೆ ನೋಡಲಿಕ್ಕೆ ಆಗಲಿಲ್ಲ. ಬಸ್ಸಿನ ಧಣಿಯವರಿಗೆ ಹೇಳಿ ಬಂಟ್ವಾಳದ ಲೈನಿಗೆ ಬಂದೆ. ಈ ಬಸ್ಸಿನಲ್ಲಿ ನನ್ನ ಹತ್ತಿರದ ಸೀಟಿಗೆ ಒಬ್ಬರು ರಿಟೈರ್ಡ್ ಇಂಗ್ಲಿಷ್ ಮಾಷ್ಟ್ರು ಬರುತ್ತಾರೆ. ಇಳಿಯುವುದು ಸಿದ್ಧಕಟ್ಟೆಯಲ್ಲಿ. ಒಂದು ದಿನ ಕೇಳಿಯೇ ಬಿಟ್ಟೆ.

‘ಮಾಷ್ಟ್ರೇ, ಸತ್ತವರಿಗೆ ಲೇಟ್ ಅಂತ ಯಾಕೆ ಹೇಳುವುದು?’

ಮಾಷ್ಟ್ರಿಗೆ ಖುಷಿಯಾಯಿತು. ಹತ್ತು ವರ್ಷದಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲವೋ ಏನೋ. ‘ಬಹಳ ಹಳೆಯ ಶಬ್ದ ಅದು. ಮೊದಲು ಅದರ ಅರ್ಥ ನಿಧಾನ, ಸೋಮಾರಿ ಅಂತ.’

‘ಸೋಮಾರಿಯಾ? ದಿನಕ್ಕೆ ಸಾವಿರ ಬೀಡಿ ಕಟ್ಟಿದವಳು ಸೋಮಾರಿಯಾ?’

‘ಪೂರ್ತಿ ಕೇಳಿ ಡ್ರೈವರೇ. ಮತ್ತೆ ತಡ ಅಂತ ಆಯಿತು. ಅದರಿಂದ, ಈಗ ಸ್ವಲ್ಪ ಮೊದಲು ಅಂತ ಇನ್ನೊಂದು ಅರ್ಥ ಹುಟ್ಟಿತು. ಲೇಟ್ ಅಂದರೆ, ಈಗ ಸ್ವಲ್ಪ ಮೊದಲಿನವರೆಗೆ ಇದ್ದವರು.’

‘ಸ್ವಲ್ಪ ಅಂದರೆ ಎಷ್ಟು?’

‘ಅದಕ್ಕೆ ಲೆಕ್ಕ ಇಲ್ಲ. ಹತ್ತು ವರ್ಷ ಇರಬಹುದು, ಇಪ್ಪತ್ತು ಇರಬಹುದು. ನೆನಪು ಹಸಿ ಇರುವವರೆಗೆ.’

‘ನಮಗೆ ಎರಡು ನಿಮಿಷಕ್ಕೆ ಅಪ್ಪ ಅಮ್ಮನನ್ನು ಎತ್ತಿ ಬೈತಾರೆ. ಇಂಗ್ಲಿಷಿನವರಿಗೆ ಇಪ್ಪತ್ತು ವರ್ಷ ಸ್ವಲ್ಪವಾ?’

ಸಿಟ್ಟಿನಲ್ಲಿ ನನ್ನ ಕಾಲು ಎಕ್ಸಲೇಟರಿನ ಮೇಲೆ ಗಟ್ಟಿಯಾಗಿತ್ತು. ಮಾಷ್ಟ್ರು ಕಿಟಕಿಯಿಂದ ಹೊರಗೆ ನೋಡಿ ಎದ್ದು ನಿಂತರು. ‘ಡ್ರೈವರೇ! ನನ್ನ ಸಿದ್ಧಕಟ್ಟೆ ಎಲ್ಲಿ?’

‘ಈಗ ಸ್ವಲ್ಪ ಮೊದಲಿನವರೆಗೆ ಇತ್ತು ಮಾಷ್ಟ್ರೇ,’ ಅಂದೆ. ‘ಲೇಟ್ ಸಿದ್ಧಕಟ್ಟೆ.’

೪. ಗಡಿಯಾರ

ಅವಳು ಹೋಗಿ ವರ್ಷ ತುಂಬಿತು. ನಮ್ಮ ಲೈನಿನ ಡ್ರೈವರ್, ಕಂಡಕ್ಟರ್‌ಗಳು ಸೇರಿ ಅವಳ ನೆನಪಿಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ನನಗೆ ಹೇಳದೆ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು, ಬೈಯುವ ಹಾಗೂ ಇಲ್ಲ. ಗಾಜಿನ ಮೇಲೆ ಸ್ಟಿಕರ್ ಅಂಟಿಸಿದ್ದರು. ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ‘ಲೇಟ್’. ಅದರ ಕೆಳಗೆ ‘ಶ್ರೀಮತಿ ಗುಲಾಬಿ’. ಬೇರೆ ಏನೂ ಇಲ್ಲ.

ಬಸ್‌ಸ್ಟ್ಯಾಂಡಿನ ಗಡಿಯಾರದಲ್ಲಿ ಲೇಟ್ ಅಂತ ಬರೆದರೆ ಜನ ಏನು ತಿಳಿಯಬೇಕು?

ಗಡಿಯಾರ ಲೇಟ್ ಅಂತ ತಿಳಿದರು. ನಿಂತು ಮೇಲೆ ನೋಡುವುದು, ಹತ್ತು ನಿಮಿಷ ತಾವೇ ಕೂಡಿಸುವುದು, ಓಡುವುದು. ಧರ್ಮಸ್ಥಳಕ್ಕೆ ಹೊರಟ ಒಂದು ಸಂಸಾರ ಬಸ್ಸು ತಪ್ಪಿತು ಅಂತ ಹೆದರಿ, ಹೊರಟು ನಿಂತಿದ್ದ ನನ್ನ ಬಂಟ್ವಾಳದ ಬಸ್ಸಿಗೆ ಹತ್ತಿತು. ಸಿದ್ಧಕಟ್ಟೆಯಲ್ಲಿ ಬಗ್ಗಿ ಕೇಳಿದರು, ದೇವಸ್ಥಾನ ಎಲ್ಲಿ ಅಂತ.

ಕಂಡಕ್ಟರ್‌ಗಳಿಗೂ ಸುಲಭವಾಯಿತು. ಬಸ್ಸು ಯಾಕೆ ಲೇಟ್ ಅಂತ ಯಾರಾದರೂ ಬೈದರೆ ಗೋಡೆಗೆ ಬೆರಳು ತೋರಿಸುತ್ತಿದ್ದರು. ‘ಬರೆದೇ ಇಟ್ಟಿದ್ದೇವಲ್ಲ.’

ಅದನ್ನೂ ಸಹಿಸಿದೆ. ಒಂದು ದಿನ ಸಂಜೆ ಬ್ಯಾಗು ಹಿಡಿದ ಒಬ್ಬ ಇನ್ನೊಬ್ಬನಿಗೆ ಹೇಳಿದ, ‘ಆ ಗಡಿಯಾರ ನೋಡಬೇಡ ಮಾರಾಯ. ಗುಲಾಬಿ ಯಾವಾಗಲೂ ಲೇಟ್.’

ನಾನು ಅವನ ಕುತ್ತಿಗೆ ಪಟ್ಟಿ ಹಿಡಿದೆ. ಇಬ್ಬರು ಕಂಡಕ್ಟರ್‌ಗಳು ಮತ್ತು ಟೈಂಕೀಪರ್ ಸೇರಿ ಬಿಡಿಸಿದರು. ಪಾಪ, ಅವನಿಗೆ ಏನೂ ಅರ್ಥ ಆಗಲಿಲ್ಲ. ‘ಗಡಿಯಾರಕ್ಕೆ ಹೇಳಿದರೆ ಇವರಿಗೆ ಯಾಕೆ?’ ಅಂತ ಎಲ್ಲರ ಹತ್ತಿರ ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಬೇಗ ಹೋದೆ. ಬಾಟ್ಲಿಯಲ್ಲಿ ಸ್ವಲ್ಪ ಥಿನ್ನರ್, ಒಂದು ಬ್ಲೇಡು, ಹಳೆ ಬನಿಯನಿನ ತುಂಡು. ಬೆಂಚಿನ ಮೇಲೆ ಹತ್ತಿ ಕೆರೆದೆ. ಮೊದಲು ‘ಟ್’ ಹೋಯಿತು. ಮತ್ತೆ ‘ಲೇ’ ಹೋಯಿತು. ಗಾಜು ಉಜ್ಜಿದೆ. ಈಗ ‘ಶ್ರೀಮತಿ ಗುಲಾಬಿ’ ಮಾತ್ರ ಉಳಿದಿತ್ತು.

ಕೆಳಗೆ ಮೊದಲ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ತಲೆ ಎತ್ತಿ ಓದಿದರು. ಪರವೂರಿನವರು ಇರಬೇಕು. ಮೊಬೈಲ್ ತೆಗೆದು ಟೈಮ್ ತಾಳೆ ನೋಡಿದರು.

‘ಗುಲಾಬಿ. ಈ ಕಂಪೆನಿಯ ಹೆಸರು ಕೇಳಿಲ್ಲವಲ್ಲ. ಟೈಮ್ ಕರೆಕ್ಟ್ ಉಂಟು.’

‘ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ,’ ಅಂದೆ. ‘ಒಳ್ಳೆ ಕಂಪೆನಿ.’

‘ನಮ್ಮ ಮನೆಗೂ ಒಂದು ಬೇಕಿತ್ತು. ಎಲ್ಲಿ ಸಿಗ್ತದೆ?’

ನಾನು ಬೆಂಚಿನಿಂದ ಇಳಿದೆ.

‘ಈಗ ಬರುವುದಿಲ್ಲ,’ ಅಂದೆ.